ಬರಿಗಾಲಿನ ದೇವಾಲಯ

ಯೂರೋಪು ಖಂಡದ ಕ್ರೈಸ್ತ ದೇವಾಲಯಗಳೆಂದ ಕೂಡಲೆ ನಮ್ಮಲ್ಲಿ ಓದಿದವರ ಮನಸ್ಸಿಗೆ ಬರುವುವು ಕಲ್ಲಿನ ಮಹಾಸೌಧಗಳು: ಪ್ಯಾರಿಸ್ಸಿನ ನೋತ್ರ್ ದಾಮ್, ರೋಮಿನ ಸಂತ ಪೀಟರನ ದೇವಾಲಯ, ಕೊಲೋನ್ ನಗರದ ಅವಳಿ ಗೋಪುರಗಳು. ಇವುಗಳ ಚಿತ್ರಗಳನ್ನು ಪಠ್ಯಪುಸ್ತಕಗಳಲ್ಲಿ ಕಂಡಿರುತ್ತೇವೆ. ಇವುಗಳ ಎತ್ತರವೆಷ್ಟು, ಕಟ್ಟಿ ಮುಗಿಸಲು ಹಿಡಿದ ಕಾಲವೆಷ್ಟು ಎಂಬ ಲೆಕ್ಕಗಳನ್ನೂ ಕೇಳಿರುತ್ತೇವೆ. ಈ ಭಾಷಣದ ವಿಷಯ ಅಂಥ ಸೌಧವಲ್ಲ. ಅದು ಹಂಗೆರಿ ದೇಶದ ಒಂದು ಸಣ್ಣ ಹಳ್ಳಿಯ ಪ್ರಾರ್ಥನಾಮಂದಿರ. ಅದರ ಗೋಡೆ ತಡಿಕೆಗೆ ಮಣ್ಣು ಮೆತ್ತಿದ ಗೋಡೆ. ನೆಲ ಬಡಿದು ಗಟ್ಟಿಮಾಡಿದ ಮಣ್ಣಿನ ನೆಲ. ಮಾಡು ಮರದ ಬಿಲ್ಲೆಗಳನ್ನು ಹೊದಿಸಿದ ಮಾಡು. ಹಳ್ಳಿಯ ಹೆಸರು ತಾಕೋಶ್. ಜನರು ಈ ದೇವಾಲಯವನ್ನು ಅಕ್ಕರೆಯಿಂದಲೂ ತುಸು ವಿನೋದದಿಂದಲೂ 'ಬರಿಗಾಲಿನ ನೋತ್ರ್ ದಾಮ್' ಎಂದು ಕರೆಯುವರು.

ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ನೋತ್ರ್ ದಾಮ್ ಎಂದರೆ 'ನಮ್ಮ ಒಡತಿ', ಅಂದರೆ ಮೇರಿಯಮ್ಮನವರು. ತಾಕೋಶಿನ ದೇವಾಲಯವಾದರೋ ಮೇರಿಯಮ್ಮನವರ ಪೂಜೆಯನ್ನಾಗಲಿ, ಸಂತರ ವಿಗ್ರಹಗಳನ್ನಾಗಲಿ ಒಪ್ಪದ ಸುಧಾರಿತ ಪಂಥದವರದು. ವಿಗ್ರಹವೊಂದೂ ಇಲ್ಲದ, ಕಲ್ಲಿನ ಕಂಬವೊಂದೂ ಇಲ್ಲದ ಈ ಬಡ ಕಟ್ಟಡಕ್ಕೆ ಜಗತ್ಪ್ರಸಿದ್ಧವಾದ ಒಂದು ದೇವಾಲಯದ ಹೆಸರು ಹೇಗೆ ಸಂದಿತು? ಅದರಲ್ಲಿ ಅಂಥದೇನಿದೆ? ಇದಕ್ಕೆ ಉತ್ತರ ಹೇಳಬೇಕಾದರೆ ಆ ನಾಡು, ಆ ಮತ, ಆ ಕಟ್ಟಡ ಈ ಮೂರನ್ನೂ ಒಂದೊಂದಾಗಿ ವಿಚಾರಿಸಬೇಕು.

ಮೊದಲು ನಾಡು. ಹಂಗೆರಿಯ ಈಶಾನ್ಯದ ಮೂಲೆಯಲ್ಲಿ, ಉಕ್ರೇನ್ ದೇಶದ ಗಡಿಗೆ ತಾಗಿಕೊಂಡು, ಬೆರೆಗ್ ಎಂಬ ಸೀಮೆಯಿದೆ. ಕಾರ್ಪೇಥಿಯನ್ ಬೆಟ್ಟಗಳಲ್ಲಿ ಹುಟ್ಟಿದ ತಿಸಾ ನದಿ ಇಳಿದು ಬಂದು ಬಯಲನ್ನು ಸೇರುವ ಸ್ಥಳವಿದು. ಬಯಲಿಗೆ ಬಂದ ನದಿ ಅವಸರವನ್ನು ಬಿಟ್ಟು ಸುತ್ತಿ ಸುತ್ತಿ ಹರಿಯುತ್ತದೆ. ಬೆಟ್ಟದಲ್ಲಿ ಹಿಮ ಕರಗಿತೆಂದರೆ ದಡ ಮೀರಿ ಹರಡುತ್ತದೆ. ೧೮೪೬ನೆಯ ಇಸವಿಯಲ್ಲಿ ಈ ನದಿಗೆ ಒಡ್ಡುಗಳನ್ನು ಕಟ್ಟಿ ಪಾತ್ರವನ್ನು ನೇರಮಾಡುವ ದೊಡ್ಡ ಕೆಲಸ ಆರಂಭವಾಯಿತು. ಅದಕ್ಕೆ ಮುಂಚೆ ಈ ಸೀಮೆಯ ಬಹುಭಾಗ ಜೌಗು ನೆಲವಾಗಿತ್ತು; ಹಳ್ಳಿಗಳು ನಾಲ್ಕಡಿ ಎತ್ತರವಿದ್ದ ಕಡೆಯೇ ಹುಟ್ಟಿಕೊಂಡುವು. ಇಂಥ ನೆಲದಲ್ಲಿ ಕಟ್ಟಡದ ಕಲ್ಲು ದುರ್ಲಭ. ಬೇಕಾದಷ್ಟು ಸಿಕ್ಕುತ್ತಿದ್ದುವು ಎಂದರೆ ಮೂರು ವಸ್ತುಗಳು: ಓಕ್ ಮರ, ಹೆಣೆಯಲು ಬಾಗುವ ಕಡ್ಡಿ, ಜೇಡಿಮಣ್ಣು. ಈ ಸೀಮೆಯ ರೈತನ ಮನೆ, ಕೊಟ್ಟಿಗೆ, ಕಣಜ, ಎಲ್ಲವೂ ಈ ಮೂರರಿಂದಲೇ ಆದುವು. ದೇವರ ಮನೆಯೂ ಇವುಗಳಿಂದಲೇ ಆಯಿತು.

ಇನ್ನು ಮತ. ೧೫೧೭ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಎಬ್ಬಿಸಿದ ಮತಸುಧಾರಣೆಯ ಅಲೆ ಕೆಲವೇ ವರ್ಷಗಳಲ್ಲಿ ಎರಡು ಕವಲಾಯಿತು. ಒಂದು ಲೂಥರನದು. ಇನ್ನೊಂದು ಸ್ವಿಟ್ಜರ್ಲೆಂಡಿನದು, ಜೂರಿಚ್ ನಗರದಲ್ಲಿ ೧೫೧೯ರಿಂದ ಬೋಧಿಸಿದ ಜ್ವಿಂಗ್ಲಿ, ೧೫೩೬ರಲ್ಲಿ ಜಿನೀವಕ್ಕೆ ಬಂದ ಕ್ಯಾಲ್ವಿನ್, ಇವರು ಅದರ ಮುಖ್ಯ ಆಚಾರ್ಯರು. ಈ ಎರಡನೆಯ ಕವಲಿಗೆ ಸುಧಾರಿತ ಪಂಥವೆಂಬ ಹೆಸರು ನಿಂತಿತು. ಬಾಸೆಲ್ ನಗರವೂ ೧೫೨೯ರಲ್ಲಿ ಈ ಸ್ವಿಸ್ ಸುಧಾರಣೆಯ ದಾರಿಯನ್ನು ಹಿಡಿಯಿತು. ಬಾಸೆಲ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನವರು ಆ ಊರಿನಿಂದ ಹೊರಟವರು. ೧೮೯೪ರಲ್ಲಿ ಕನ್ನಡದ ಮಹಾನಿಘಂಟನ್ನು ಅಚ್ಚಿನಲ್ಲಿ ಕಂಡ ಕಿಟ್ಟೆಲರು ಆ ಮಿಷನ್ನಿಗೆ ಸೇರಿದವರು.

ಸುಧಾರಿತ ಪಂಥದ ಸಿದ್ಧಾಂತಗಳನ್ನೆಲ್ಲ ಇಲ್ಲಿ ವಿವರಿಸಲು ಅವಕಾಶವಿಲ್ಲ. ಕಟ್ಟಡಕ್ಕೆ ಸಂಬಂಧಪಟ್ಟ ಎರಡು ಮಾತುಗಳು ಸಾಕು. ಮೊದಲನೆಯದು: ದೇವರು ಮನುಷ್ಯನಿಗೆ ತನ್ನನ್ನು ತಿಳಿಯಪಡಿಸುವುದು ಮುಖ್ಯವಾಗಿ ತನ್ನ ವಾಕ್ಯದಿಂದ, ಆದುದರಿಂದ ಜನರು ಕೂಡುವುದು ವಾಕ್ಯವನ್ನು ಕೇಳುವುದಕ್ಕಾಗಿ. ಎರಡನೆಯದು: ದಶಾಜ್ಞೆಗಳಲ್ಲಿ ವಿಗ್ರಹನಿಷೇಧವನ್ನು ಈ ಪಂಥದವರು ಪ್ರತ್ಯೇಕವಾದ ಎರಡನೆಯ ಆಜ್ಞೆಯೆಂದೇ ಎಣಿಸುವರು, ಪೂಜಾಸ್ಥಾನದಲ್ಲಿ ದೇವರ ರೂಪವಾಗಲಿ ಸಂತರ ರೂಪವಾಗಲಿ ಇರಕೂಡದು. ಹೀಗೆಂದ ಮಾತ್ರಕ್ಕೆ ಇವರು ಕಲೆಯ ವೈರಿಗಳೆಂದು ತಿಳಿಯಬಾರದು. ಶಿಲ್ಪವೂ ಚಿತ್ರವೂ ದೇವರು ಕೊಟ್ಟ ವರಗಳೆಂದು ಕ್ಯಾಲ್ವಿನನೇ ಒಪ್ಪಿದ್ದಾನೆ. ಅವನ ಆಕ್ಷೇಪಣೆ, ಕಣ್ಣಿಗೆ ಕಾಣದ ದೇವರನ್ನು ಕಣ್ಣಿಗೆ ಕಾಣುವ ರೂಪಕ್ಕೆ ಇಳಿಸುವುದರ ಮೇಲೆ. ಕಾಣುವ ವಸ್ತುಗಳನ್ನು ಚಿತ್ರಿಸುವುದಕ್ಕೆ ಅವನ ಅಡ್ಡಿಯಿರಲಿಲ್ಲ. ಈ ಸೂಕ್ಷ್ಮವನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ತಾಕೋಶಿನ ಛಾವಣಿಯ ಅರ್ಥ ಇದರಲ್ಲಿಯೇ ಅಡಗಿದೆ.

ಈ ಮತ ಹಂಗೆರಿಯಲ್ಲಿ ಬೇರೂರಿದುದು ಆ ದೇಶದ ದುರ್ದಿನಗಳಲ್ಲಿ. ೧೫೨೬ರಲ್ಲಿ ಮೊಹಾಚ್ ಎಂಬಲ್ಲಿ ತುರ್ಕಿಯ ಸುಲ್ತಾನನ ಸೈನ್ಯಕ್ಕೆ ಎದುರಾಗಿ ಹಂಗೆರಿಯ ದೊರೆ ಸೋತು ಮಡಿದನು. ಅನಂತರ ರಾಜ್ಯ ಮೂರು ಪಾಲಾಯಿತು: ಪಶ್ಚಿಮದ ಪಾಲು ಹ್ಯಾಪ್ಸ್‌ಬರ್ಗ್ ವಂಶದ ಅರಸರಿಗೆ, ನಡುವಣ ಪಾಲು ತುರ್ಕರಿಗೆ, ಪೂರ್ವದ ಪಾಲು ಟ್ರಾನ್ಸಿಲ್ವೇನಿಯದ ಪ್ರಭುಗಳಿಗೆ. ಹಳೆಯ ಅಧಿಕಾರಗಳೆಲ್ಲ ಸಡಿಲವಾಗಿದ್ದ ಆ ಹೊತ್ತಿನಲ್ಲಿ ಹೊಸ ಬೋಧಕರು ಜನರ ಮಾತಿನಲ್ಲಿಯೇ ಬೋಧಿಸಿದರು, ಜನರು ಕಿವಿಗೊಟ್ಟರು. ೧೫೬೭ರಲ್ಲಿ ದೆಬ್ರೆತ್ಸೆನ್ ನಗರದಲ್ಲಿ ಪೇತೆರ್ ಮೇಲಿಯುಸನ ನಾಯಕತ್ವದಲ್ಲಿ ಕೂಡಿದ ಸಭೆ ಸ್ವಿಸ್ ಆಚಾರ್ಯರ ವಿಶ್ವಾಸಪತ್ರವನ್ನು ಅಂಗೀಕರಿಸಿತು. ೧೫೯೦ರಲ್ಲಿ ಗಾಶ್ಪಾರ್ ಕಾರೊಯಿಯ ಮುಂದಾಳುತನದಲ್ಲಿ ಬೈಬಲು ಗ್ರಂಥ ಸಂಪೂರ್ಣವಾಗಿ ಹಂಗೆರಿಯ ಭಾಷೆಯಲ್ಲಿ ಅಚ್ಚಾಯಿತು. ೧೬೦೭ರಲ್ಲಿ ಆಲ್ಬರ್ಟ್ ಸೆಂತ್ಸಿ ಮೊಲ್ನಾರನು ಕೀರ್ತನೆಗಳನ್ನು ಜಿನೀವದ ರಾಗಗಳಿಗೆ ಹೊಂದುವಂತೆ ಅದೇ ಭಾಷೆಯ ಪದ್ಯಗಳನ್ನಾಗಿ ಮಾಡಿಕೊಟ್ಟನು. ಓದುವ ಗ್ರಂಥವೂ ಹಾಡುವ ಪದ್ಯವೂ ಹೀಗೆ ತಾಯ್ನುಡಿಯಲ್ಲಿ ದೊರೆತ ಮೇಲೆ, ಉತ್ತು ಬಿತ್ತುವ ರೈತನೂ ದೇವಾಲಯದಲ್ಲಿ ನೋಡುವವನಾಗಿ ಮಾತ್ರ ಉಳಿಯದೆ, ಕೇಳುವವನೂ ಹಾಡುವವನೂ ಆದನು.

ಮತ ಬದಲಾಯಿತು, ಕಟ್ಟಡಗಳು ಬದಲಾಗಲಿಲ್ಲ. ಊರೂರಿನಲ್ಲಿದ್ದ ಹಳೆಯ ದೇವಾಲಯಗಳನ್ನೇ ಹೊಸ ಸಭೆಯವರು ತಮ್ಮ ಉಪಯೋಗಕ್ಕೆ ಅಳವಡಿಸಿಕೊಂಡರು. ತಾಕೋಶಿನ ನೆರೆಯಲ್ಲಿರುವ ಚರೋಡ ಎಂಬ ಹಳ್ಳಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ದೇವಾಲಯ ೧೩ನೆಯ ಶತಮಾನದ್ದು. ದಪ್ಪ ಗೋಡೆಗಳ, ಕಿರಿದಾದ ಕಿಟಕಿಗಳ ಕಟ್ಟಡ. ಅದರ ಒಳಗೋಡೆಗಳ ಮೇಲೆ ಸಂತರ ಚಿತ್ರಗಳಿದ್ದುವು. ಸುಧಾರಿತ ಸಭೆಯವರು ಆ ಚಿತ್ರಗಳ ಮೇಲೆ ಸುಣ್ಣ ಬಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಕತೆ ನೀರಸವಾಗುತ್ತಿತ್ತು. ಆದರೆ ೧೬೪೨ನೆಯ ಇಸವಿಯ ಬೇರೆ ಬಗೆಯ ಚಿತ್ರಗಳು ಅಲ್ಲಿವೆ: ಹೂವು, ಎಲೆ, ಬಳ್ಳಿ. ಕೈ ನುರಿತ ಚಿತ್ರಕಾರನದಲ್ಲ, ಹಳ್ಳಿಗನ ಕೈ. ಬಿಳಿಯ ಗೋಡೆಯನ್ನು ಬಿಳಿಯದಾಗಿಯೇ ಬಿಡುವುದಕ್ಕೆ ಊರಿನವರ ಮನಸ್ಸು ಒಪ್ಪಲಿಲ್ಲವೆಂದು ತೋರುತ್ತದೆ. ಸಂತರು ಹೋದ ಜಾಗಕ್ಕೆ ಹೂವುಗಳು ಬಂದುವು. ೨೦ನೆಯ ಶತಮಾನದಲ್ಲಿ ಸುಣ್ಣವನ್ನು ಎಚ್ಚರಿಕೆಯಿಂದ ತೆಗೆದುದರಿಂದ ಹಳೆಯ ಸಂತರೂ ಮತ್ತೆ ಕಾಣಿಸಿಕೊಂಡಿದ್ದಾರೆ. ಈಗ ಅಲ್ಲಿ ಸಂತರೂ ಹೂವುಗಳೂ ಒಂದೇ ಕಟ್ಟಡದಲ್ಲಿ ಜಗಳವಿಲ್ಲದೆ ಇರುವರು. ಚಿತ್ರವನ್ನು ಉಳಿಸಿದುದು ಅದನ್ನು ಅಳಿಸಲೆಂದು ಬಳಿದ ಸುಣ್ಣವೇ ಎಂಬುದು ಚರಿತ್ರೆಯ ಒಂದು ವಿನೋದ.

ತುರ್ಕರು ಹಿಂದೆ ಸರಿದು ಹ್ಯಾಪ್ಸ್‌ಬರ್ಗ್ ಅರಸರ ಅಧಿಕಾರ ದೇಶದಲ್ಲಿ ಹಬ್ಬುತ್ತ ಬಂದ ಹಾಗೆಲ್ಲ ಸುಧಾರಿತರಿಗೆ ಕಷ್ಟಕಾಲ ಬಂದಿತು. ಆ ಅರಸರು ರೋಮನ್ ಕ್ಯಾಥೊಲಿಕ್ ಮತದವರು. ಪ್ರಜೆಗಳೂ ಆ ಮತಕ್ಕೆ ಹಿಂದಿರುಗಬೇಕೆಂಬುದು ಅವರ ಹಟ. ೧೬೭೪ರಲ್ಲಿ ಪ್ರೊಟೆಸ್ಟೆಂಟ್ ಬೋಧಕರನ್ನು ಗುಂಪುಗುಂಪಾಗಿ ವಿಚಾರಣೆಗೆ ಕರೆಯಿಸಿದರು. ಮತವನ್ನೂ ಬಿಡದೆ, ವೃತ್ತಿಯನ್ನೂ ಬಿಡದೆ ನಿಂತವರಲ್ಲಿ ಕೆಲವರನ್ನು ನೇಪಲ್ಸಿಗೆ ನಡೆಸಿಕೊಂಡು ಹೋಗಿ ಯುದ್ಧದ ಹಡಗುಗಳಲ್ಲಿ ಹುಟ್ಟು ಹಾಕುವ ಗುಲಾಮರನ್ನಾಗಿ ಮಾರಿದರು. ಅವರಲ್ಲಿ ಬದುಕುಳಿದವರನ್ನು ೧೬೭೬ರ ಫೆಬ್ರವರಿಯಲ್ಲಿ ಬಿಡಿಸಿದವನು ಡಚ್ ನೌಕಾಪತಿ ದ ರೌಟರ್. ೧೬೮೧ರಲ್ಲಿ ಶೊಪ್ರೋನ್ ಎಂಬಲ್ಲಿ ಕೂಡಿದ ಶಾಸನಸಭೆ ಸ್ವಲ್ಪ ಸಡಿಲಿಸಿತು. ಆದರೆ ಪಶ್ಚಿಮದ ಹನ್ನೊಂದು ಜಿಲ್ಲೆಗಳಲ್ಲಿ ಜಿಲ್ಲೆಗೆ ಎರಡೇ ಎರಡು ಸ್ಥಳಗಳಲ್ಲಿ ಪ್ರಾರ್ಥನಾಮಂದಿರಗಳಿಗೆ ಅನುಮತಿಯಿತ್ತಿತು. ೧೭೩೧ರ ರಾಜಾಜ್ಞೆ ಈ ಕಟ್ಟುಪಾಡುಗಳನ್ನು ಮತ್ತೆ ಖಾಯಂ ಮಾಡಿತು. ಪೂರ್ವ ಸೀಮೆಗಳಲ್ಲಿ ಸುಧಾರಿತರ ಸಂಖ್ಯೆ ದೊಡ್ಡದಾಗಿದ್ದುದರಿಂದ ಬಿಗಿ ಇಷ್ಟರಮಟ್ಟಿಗೆ ಇರಲಿಲ್ಲ. ಆದರೂ ಹೊಸದಾಗಿ ಕಟ್ಟುವುದಾಗಲಿ, ಹಳೆಯದನ್ನು ದುರಸ್ತಿ ಮಾಡುವುದಾಗಲಿ ಸುಲಭದ ಮಾತಾಗಿರಲಿಲ್ಲ.

ತಾಕೋಶಿನ ದೇವಾಲಯ ಎದ್ದುದು ೧೭೬೬ರಲ್ಲಿ. ಆಗ ಸಿಂಹಾಸನದಲ್ಲಿದ್ದವಳು ಮರಿಯಾ ತೆರೇಸಾ ರಾಣಿ; ತನ್ನ ಮತದಲ್ಲಿ ದೃಢಭಕ್ತಿಯುಳ್ಳವಳು, ಪರಮತಗಳ ವಿಷಯದಲ್ಲಿ ಕಠಿಣಳು. ಅವಳ ಮಗ ಎರಡನೆಯ ಜೋಸೆಫನು ಸಹನಾಶಾಸನವನ್ನು ಹೊರಡಿಸಲು ಇನ್ನೂ ಹದಿನೈದು ವರ್ಷಗಳಿದ್ದುವು. ೧೭೮೧ರ ಆ ಶಾಸನವಾದರೂ ಕೈತುಂಬ ಕೊಟ್ಟುದಲ್ಲ: ನೂರು ಕುಟುಂಬಗಳಿದ್ದ ಕಡೆ ಹೊಸ ಪ್ರಾರ್ಥನಾಮಂದಿರವನ್ನು ಕಟ್ಟಬಹುದು, ಆದರೆ ಅದಕ್ಕೆ ಗೋಪುರವಿರಕೂಡದು, ಗಂಟೆಯಿರಕೂಡದು, ಬೀದಿಗೆ ಬಾಗಿಲಿರಕೂಡದು. ಈ ನಿರ್ಬಂಧಗಳನ್ನು ೧೭೯೧ರ ಕಾನೂನು ತೆಗೆದುಹಾಕಿತು. ಇಂಥ ಕಾಲದಲ್ಲಿ, ಇಂಥ ನೆಲದಲ್ಲಿ, ಒಂದು ಬಡ ಹಳ್ಳಿಯ ಜನ ತಮ್ಮ ದೇವರಿಗೊಂದು ಮನೆಯನ್ನು ಕಟ್ಟಿದರು.

ಹೇಗೆ ಕಟ್ಟಿದರು ಎಂಬುದನ್ನು ಈಗ ನೋಡೋಣ. ದೊಡ್ಡ ಕಲ್ಲುಗುಂಡುಗಳನ್ನು ತಂದು ನೆಲದ ಮೇಲೆ ಕೂರಿಸಿ, ಅವುಗಳ ಮೇಲೆ ಓಕ್ ಮರದ ಅಡಿತೊಲೆಗಳನ್ನು ಮಲಗಿಸಿದರು. ಗೋಡೆಯ ಮರಕ್ಕೆ ನೆಲದ ತೇವ ತಗಲದಂತೆ ಮಾಡುವ ಉಪಾಯವಿದು. ಅಡಿತೊಲೆಗಳ ಮೇಲೆ ನೆಟ್ಟಗೆ ಕಂಬಗಳನ್ನು ನಿಲ್ಲಿಸಿ, ಕಂಬಗಳನ್ನು ಮೇಲುತೊಲೆಗಳಿಂದ ಬಿಗಿದರೆ ಮನೆಯ ಎಲುಬುಗೂಡು ಸಿದ್ಧವಾಯಿತು. ಕಂಬಗಳ ನಡುವಿನ ಬಯಲನ್ನು ಕಡ್ಡಿಗಳ ಹೆಣಿಗೆಯಿಂದ ತುಂಬಿ, ಆ ತಡಿಕೆಗೆ ಒಳಗೂ ಹೊರಗೂ ಮಣ್ಣನ್ನು ಮೆತ್ತಿ, ಒಣಗಿದ ಮೇಲೆ ಸುಣ್ಣ ಬಳಿದರು. ಹಂಗೆರಿಯವರು ಈ ಬಗೆಯ ಗೋಡೆಗೆ 'ಪತಿಚ್' ಎನ್ನುವರು. ತಡಿಕೆಯ ಗೋಡೆ ನಮ್ಮ ಮಲೆನಾಡಿನ ಹಳ್ಳಿಗಳನ್ನು ಕಂಡವರಿಗೆ ಹೊಸದಲ್ಲವಾದುದರಿಂದ ಹೆಚ್ಚು ವಿವರಣೆ ಬೇಡ.

ಈ ಗೋಡೆಯನ್ನು ಬಡತನದ ಗುರುತೆಂದಷ್ಟೇ ಕಾಣುವುದು ಸರಿಯಲ್ಲ. ಅದರಲ್ಲಿ ಅನುಭವದ ವಿವೇಕವೂ ಇದೆ. ನೆರೆಯ ಸೀಮೆಯಲ್ಲಿ ಹಸಿ ಇಟ್ಟಿಗೆಯ ಗೋಡೆ ನೀರಿನಲ್ಲಿ ನಿಂತರೆ ಬುಡ ಕರಗಿ ಮಾಡಿನೊಡನೆ ಕುಸಿಯುತ್ತದೆ. ತಡಿಕೆಯ ಗೋಡೆಯಲ್ಲಿ ಭಾರವನ್ನು ಹೊರುವುದು ಮಣ್ಣಲ್ಲ, ಮರದ ಗೂಡು. ನೀರು ಬಂದು ಮಣ್ಣನ್ನು ತೊಳೆದುಕೊಂಡು ಹೋದರೂ ಕಂಬಗಳು ನಿಂತಿರುತ್ತವೆ, ಮಾಡು ಕಂಬಗಳ ಮೇಲಿರುತ್ತದೆ. ನೀರಿಳಿದ ಮೇಲೆ ಮತ್ತೆ ಮಣ್ಣು ಮೆತ್ತಿದರಾಯಿತು. ಮಾಡನ್ನು ಕಡಿದಾಗಿ ಇಳಿಯಬಿಟ್ಟು ಮರದ ಬಿಲ್ಲೆಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದಿಸುವುದರಿಂದ ಮಳೆಯ ನೀರೂ ಹಿಮವೂ ಗೋಡೆಯಿಂದ ದೂರ ಬೀಳುತ್ತವೆ. ಕೆಳಗೆ ಕಲ್ಲು, ಮೇಲೆ ಮಾಡು, ಈ ಎರಡೂ ಸರಿಯಾಗಿರುವವರೆಗೆ ನಡುವಣ ಮಣ್ಣಿಗೆ ಭಯವಿಲ್ಲ.

ಬಾಗಿಲನ್ನು ದಾಟಿ ಒಳಕ್ಕೆ ಹೋದರೆ ಕಾಲಿಗೆ ಸಿಕ್ಕುವುದು ಬಡಿದ ಮಣ್ಣಿನ ನೆಲ. 'ಬರಿಗಾಲು' ಎಂಬ ಮಾತು ಇಂಥ ನೆಲಕ್ಕೂ ಇಂಥ ಗೋಡೆಗೂ ಒಪ್ಪುತ್ತದೆ. ಒಳಗೆ ಗರ್ಭಗುಡಿಯಿಲ್ಲ, ಸಾಮಾನ್ಯ ಜನರು ಹೋಗಬಾರದ ಆವರಣವಿಲ್ಲ, ದೀಪಗಳ ಸಾಲಿನಿಂದ ಬೆಳಗುವ ಪೂಜಾಪೀಠವಿಲ್ಲ. ಸುಧಾರಿತ ಪಂಥದ ದೇವಾಲಯದಲ್ಲಿ ಪೀಠದ ಸ್ಥಾನವನ್ನು ಪಡೆದಿರುವುವು ಎರಡು ವಸ್ತುಗಳು. ಒಂದು, ಸಭಾಪಾಲಕನು ನಿಂತು ವಾಕ್ಯವನ್ನು ವಿವರಿಸುವ ಪ್ರಸಂಗಪೀಠ. ಇನ್ನೊಂದು, ಕರ್ತನ ಭೋಜನಕ್ಕೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಇಡುವ ಸಾಮಾನ್ಯವಾದ ಮೇಜು. ಅದನ್ನು ಬಲಿಪೀಠವೆನ್ನುವುದಿಲ್ಲ, ಮೇಜೆಂದೇ ಕರೆಯುವರು; ಊಟಕ್ಕೆ ಕುಳಿತವರ ನಡುವೆ ಮೇಜಿರುವಂತೆ ಅದು ಜನರ ನಡುವೆ ಇರುತ್ತದೆ. ಬೆಂಚುಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಪಕ್ಕ; ತರುಣರಿಗೆ ಮೇಲಿನ ಮರದ ಅಟ್ಟ; ಹಳ್ಳಿಗಳಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ವಯಸ್ಸಿನಿಂದಲೂ ಮನೆತನದಿಂದಲೂ ನಿಶ್ಚಯವಾಗಿರುತ್ತಿತ್ತು. ಪ್ರಸಂಗಪೀಠದ ಮೇಲೆ ಕೊಡೆಯಂತೆ ಒಂದು ಮರದ ಮೇಲುಹೊದಿಕೆಯನ್ನು ಕಟ್ಟುವುದು ಈ ದೇವಾಲಯಗಳ ವಾಡಿಕೆ. ಅದು ಬರಿಯ ಅಲಂಕಾರವಲ್ಲ. ಮೇಲಕ್ಕೆ ಹೋಗಿ ವ್ಯರ್ಥವಾಗುವ ಧ್ವನಿಯನ್ನು ತಡೆದು ಜನರ ಕಡೆಗೆ ತಿರುಗಿಸುವುದು ಅದರ ಕೆಲಸ. ಹೀಗೆ ಒಂದೊಂದು ಅಂಗವನ್ನೂ ನೋಡುತ್ತ ಹೋದರೆ ಇದು ಕಿವಿಗಾಗಿ ಕಟ್ಟಿದ ದೇವಾಲಯವೆಂಬುದು ಸ್ಪಷ್ಟವಾಗುತ್ತದೆ.

ತಾಕೋಶಿನ ಪ್ರಸಂಗಪೀಠ ಹಳ್ಳಿಯ ಕುಸುರಿಕೆಲಸದಿಂದ ಕೂಡಿದ್ದು. ಅದು ನಿಂತಿರುವುದು ಒಂದು ದೊಡ್ಡ ಬೀಸುವ ಕಲ್ಲಿನ ಮೇಲೆ. ಹಸಿ ನೆಲದ ತೇವ ಮರಕ್ಕೆ ಏರದಿರಲೆಂಬ ವ್ಯವಹಾರಜ್ಞಾನ ಇದರಲ್ಲಿ ಇದ್ದಿರಬೇಕು. ಕಲ್ಲಿಲ್ಲದ ಊರಿನಲ್ಲಿ ಕೈಗೆ ಸಿಕ್ಕ ಒಳ್ಳೆಯ ಕಲ್ಲನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಊರಿನವರು ಕೊಟ್ಟ ಉತ್ತರವೂ ಇದರಲ್ಲಿದೆ. ಮನುಷ್ಯನ ಅನ್ನಕ್ಕೆ ಹಿಟ್ಟು ಮಾಡುವ ಕಲ್ಲು ಅಲ್ಲಿ ದೇವರ ವಾಕ್ಯಕ್ಕೆ ಆಧಾರವಾಯಿತು.

ಇಷ್ಟು ಹೊತ್ತು ಕೆಳಗೆ ನೋಡಿದೆವು. ಇನ್ನು ತಲೆಯೆತ್ತಿ ನೋಡಬೇಕು. ಛಾವಣಿಯ ಕೆಳಮೈಯನ್ನು ಮರದ ಪಟ್ಟಿಗಳಿಂದ ಚೌಕಚೌಕವಾಗಿ ಭಾಗಿಸಿ, ಪ್ರತಿ ಚೌಕದಲ್ಲಿ ಒಂದು ಹಲಗೆಯನ್ನು ಕೂರಿಸಿ, ಹಲಗೆಗಳ ಮೇಲೆ ನೀಲಿ ಕೆಂಪು ಬಣ್ಣಗಳಲ್ಲಿ ಹೂವುಗಳನ್ನು ಬರೆದಿದೆ. ನಮ್ಮ ದೇವಾಲಯಗಳ ನವರಂಗದಲ್ಲಿ ತಲೆಯ ಮೇಲೆ ಕಲ್ಲಿನಲ್ಲಿ ಬಿಡಿಸಿರುವ ಭುವನೇಶ್ವರಿಯನ್ನು ನೋಡಿದವರು ಈ ಏರ್ಪಾಟನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಇಲ್ಲಿ ಕಲ್ಲಿಗೆ ಬದಲು ಮರ, ಉಳಿಗೆ ಬದಲು ಕುಂಚ. ಈ ಕೆಲಸವನ್ನು ೧೭೬೬ರಲ್ಲಿ ಮಾಡಿದವನು ಅಸ್ತೇಯ್ ಎಂಬ ನೆರೆಯೂರಿನ ಮರಗೆಲಸದವನು. ಅವನ ಹೆಸರು ಲಾಂದೊರ್ ಫೆರೆಂತ್ಸ್. ರಾಜಾಸ್ಥಾನದ ಚಿತ್ರಕಾರನಲ್ಲ. ಹಂಗೆರಿಯಲ್ಲಿಯೂ ಟ್ರಾನ್ಸಿಲ್ವೇನಿಯದಲ್ಲಿಯೂ ಇಂಥ ಛಾವಣಿಗಳನ್ನು ಮಾಡುತ್ತಿದ್ದವರು ಬಡಗಿಗಳೇ. ಬೆಂಚು, ಬಾಗಿಲು, ಪೆಟ್ಟಿಗೆಗಳನ್ನು ಮಾಡುವ ಕೈಯೇ ಹಲಗೆಯನ್ನು ಹೆರೆದು, ಅಂಟಿನಲ್ಲಿ ಕಲಸಿದ ಬಣ್ಣಗಳಿಂದ ಅದರ ಮೇಲೆ ಬರೆಯುತ್ತಿತ್ತು. ಹಳ್ಳಿಯ ಹುಡುಗಿಯ ಮದುವೆಯ ಪೆಟ್ಟಿಗೆಯ ಮೇಲೆ ಅರಳುವ ಹೂವೇ ದೇವಾಲಯದ ಛಾವಣಿಯಲ್ಲಿಯೂ ಅರಳಿತು.

ಆ ಹೂವುಗಳಿಗೂ ಒಂದು ಚರಿತ್ರೆಯಿದೆ. ೧೪೫೮ರಿಂದ ೧೪೯೦ರವರೆಗೆ ಆಳಿದ ಮಾತಿಯಾಸ್ ದೊರೆಯ ಕಾಲದಲ್ಲಿ ಇಟಲಿಯ ಶಿಲ್ಪಿಗಳು ಹಂಗೆರಿಗೆ ಬಂದರು. ಚೌಕಗಳಾಗಿ ಭಾಗಿಸಿದ ಛಾವಣಿ, ಹೂದಾನಿಯಿಂದ ಮೇಲಕ್ಕೇಳುವ ಬಳ್ಳಿ, ಇವು ಅವರ ಬಳುವಳಿ. ಅರಮನೆಯಿಂದ ಪಾಳೆಯಗಾರನ ಮನೆಗೆ, ಅಲ್ಲಿಂದ ಪೇಟೆಯ ಬಡಗಿಗೆ, ಪೇಟೆಯಿಂದ ಹಳ್ಳಿಗೆ, ಹೀಗೆ ಮುನ್ನೂರು ವರ್ಷ ನಡೆದು ಬಂದ ಅಲಂಕಾರವಿದು. ದಾರಿಯಲ್ಲಿ ಅದಕ್ಕೆ ಇನ್ನೊಂದು ಕೂಡಿಕೊಂಡಿತು. ದೇಶದ ನಡುಭಾಗವನ್ನು ಒಂದೂವರೆ ಶತಮಾನ ಹಿಡಿದಿದ್ದ ತುರ್ಕರು ತಮ್ಮೊಡನೆ ಕಸೂತಿಯ ಬಟ್ಟೆಗಳನ್ನೂ ಜಮಖಾನೆಗಳನ್ನೂ ತಂದಿದ್ದರು; ಟ್ಯುಲಿಪ್ ಹೂವು, ಕಾರ್ನೇಷನ್ ಹೂವು, ದಾಳಿಂಬೆ, ಇವು ಅವುಗಳಿಂದ ಹಂಗೆರಿಯ ಹೆಂಗಸರ ಸೂಜಿಗೂ ಬಡಗಿಗಳ ಕುಂಚಕ್ಕೂ ದಾಟಿದುವು. ರೋಮಿನ ಮತದ ಇಟಲಿ, ಮಹಮ್ಮದೀಯ ಮತದ ತುರ್ಕಿ, ಈ ಎರಡೂ ಕಡೆಯ ಹೂವುಗಳನ್ನು ಸುಧಾರಿತ ಪಂಥದ ಹಳ್ಳಿಯವರು ಸಂಕೋಚವಿಲ್ಲದೆ ತಮ್ಮ ದೇವರ ತಲೆಯ ಮೇಲೆ ಮುಡಿಸಿದರು. ಮತಗಳ ನಡುವೆ ಕತ್ತಿ ಆಡುತ್ತಿದ್ದಾಗಲೂ ಹೂವಿಗೆ ಯಾರೂ ಸುಂಕ ಕೇಳಲಿಲ್ಲ.

ವಿಗ್ರಹವನ್ನು ನಿಷೇಧಿಸಿದ ಮತ ಹೂವನ್ನು ಒಪ್ಪಿದುದು ಹೇಗೆಂಬ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟವಾಗಿದೆ. ಹೂವು ದೇವರಲ್ಲ, ಯಾರೂ ಅದರ ಮುಂದೆ ಮೊಣಕಾಲೂರುವುದಿಲ್ಲ. ಅದು ದೇವರ ಸೃಷ್ಟಿ. ನೋಡಿದವನಿಗೆ ಸೃಷ್ಟಿಕರ್ತನ ಸ್ಮರಣೆ ಬರಬಹುದು, ಸೃಷ್ಟಿಯೇ ಕರ್ತನೆಂಬ ಭ್ರಾಂತಿ ಬರುವುದಿಲ್ಲ. ಕ್ಯಾಲ್ವಿನನು ಹಾಕಿದ ಗೆರೆಯನ್ನು ಹಳ್ಳಿಯ ಬಡಗಿ ಮೀರಲಿಲ್ಲ. ಗೆರೆಯ ಈಚೆಗಿದ್ದ ಜಾಗವನ್ನು ಮಾತ್ರ ಒಂದಂಗುಲವೂ ಬಿಡದೆ ತುಂಬಿದನು. ಕಿವಿಗಾಗಿ ಕಟ್ಟಿದ ಮನೆಯಿಂದ ಹೊರಗೆ ಹೋದ ಕಣ್ಣು ಛಾವಣಿಯ ಮೂಲಕ ಮರಳಿ ಬಂದಿತು. ಇದನ್ನು ಉಪಾಯವೆನ್ನಬೇಕಾಗಿಲ್ಲ. ಮನುಷ್ಯನಿಗೆ ಚೆಲುವು ಬೇಕು. ಎಷ್ಟು ಬಡವನಾದರೂ, ಎಷ್ಟು ನಿಷ್ಠಾವಂತನಾದರೂ ಬೇಕು.

ದೇವಾಲಯದ ಹೊರಗೆ, ಅದಕ್ಕೆ ಅಂಟಿಕೊಳ್ಳದೆ, ಪ್ರತ್ಯೇಕವಾಗಿ ನಿಂತಿರುವುದು ೧೭೬೭ರ ಮರದ ಗಂಟೆಗೋಪುರ. ತೂಗುವ ಗಂಟೆಯ ಭಾರ ಅತ್ತಿತ್ತ ಹೊರಳುವಾಗ ಅದನ್ನು ಹೊತ್ತ ಕಟ್ಟಡವನ್ನು ಅಲ್ಲಾಡಿಸುತ್ತದೆ. ಮಣ್ಣಿನ ಗೋಡೆ ಆ ಅಲುಗಾಟವನ್ನು ತಡೆಯಲಾರದು. ಮರದ ಕಂಬಗಳಾದರೋ ಸ್ವಲ್ಪ ಬಳುಕಿ ಮತ್ತೆ ನೆಟ್ಟಗಾಗುತ್ತವೆ. ಆದುದರಿಂದ ಈ ಸೀಮೆಯಲ್ಲಿ ಗಂಟೆಗೆ ಬೇರೆ ಮನೆ. ಗೋಪುರದ ಕಾಲುಗಳು ಮಳೆಯಲ್ಲಿ ನೆನೆಯದಿರಲೆಂದು ಬುಡದ ಸುತ್ತಲೂ ಲಂಗದ ನೆರಿಗೆಯಂತೆ ಹರಡಿದ ಒಂದು ಇಳಿಮಾಡನ್ನು ಕಟ್ಟುವರು. ಜನರು ಅದನ್ನು ಲಂಗವೆಂದೇ ಕರೆಯುವರು. ಸಾವಿನ ಸುದ್ದಿ, ಬೆಂಕಿ, ನೆರೆ, ಪ್ರಾರ್ಥನೆಯ ಹೊತ್ತು, ಎಲ್ಲವನ್ನೂ ಹಳ್ಳಿಗೆ ತಿಳಿಸುವ ಬಾಯಿ ಅದು.

ಆ ಬಳಿಕ ಚರಿತ್ರೆ ಹಳ್ಳಿಯ ಸುತ್ತ ಗೆರೆಗಳನ್ನು ಎಳೆಯಿತು. ಮೊದಲನೆಯ ಮಹಾಯುದ್ಧದ ತರುವಾಯ ೧೯೨೦ರಲ್ಲಿ ಆದ ತ್ರಿಯಾನೊ ಒಡಂಬಡಿಕೆಯಿಂದ ಬೆರೆಗ್ ಜಿಲ್ಲೆ ಎರಡು ತುಂಡಾಯಿತು. ತಾಕೋಶ್ ಹಂಗೆರಿಯಲ್ಲಿ ಉಳಿಯಿತು. ಛಾವಣಿಯನ್ನು ಬರೆದ ಬಡಗಿಯ ಊರಾದ ಅಸ್ತೇಯ್ ಚೆಕೊಸ್ಲೊವಾಕಿಯಕ್ಕೆ ಹೋಯಿತು. ಮುಂದೆ ಅದು ಮತ್ತೆ ಕೆಲವು ವರ್ಷ ಹಂಗೆರಿಗೆ, ೧೯೪೫ರಲ್ಲಿ ಸೋವಿಯೆಟ್ ಒಕ್ಕೂಟಕ್ಕೆ, ೧೯೯೧ರಿಂದ ಉಕ್ರೇನಿಗೆ ಸೇರಿತು. ಲಾಂದೊರ್ ತನ್ನ ಬಣ್ಣದ ಕುಡಿಕೆಗಳನ್ನು ಹೊತ್ತು ನಡೆದು ಬಂದಿದ್ದ ದಾರಿಗೆ ಈಗ ಅಡ್ಡವಾಗಿ ದೇಶದೇಶಗಳ ಗಡಿಯಿದೆ.

ನದಿಯೂ ತನ್ನ ಹಳೆಯ ಹಕ್ಕನ್ನು ಮರೆಯಲಿಲ್ಲ. ೨೦೦೧ನೆಯ ಇಸವಿ ಮಾರ್ಚ್ ೬ರಂದು ತರ್ಪಾ ಎಂಬ ಊರಿನ ಸಮೀಪದಲ್ಲಿ ತಿಸಾ ನದಿಯ ಒಡ್ಡು ಒಡೆದು ಬೆರೆಗ್ ಬಯಲು ನೀರಿನಲ್ಲಿ ಮುಳುಗಿತು. ಸಹಸ್ರಾರು ಜನರು ಮನೆಗಳನ್ನು ಬಿಟ್ಟು ಹೋಗಬೇಕಾಯಿತು. ಹಸಿ ಇಟ್ಟಿಗೆಯ ಮನೆಗಳು ಊರೂರಿನಲ್ಲಿ ಕುಸಿದುವು. ತಾಕೋಶಿನ ದೇವಾಲಯ ಉಳಿದುಕೊಂಡಿದೆ. ೧೭೬೬ರಲ್ಲಿ ಎದ್ದ ಮಣ್ಣಿನ ಮನೆ ಎರಡೂವರೆ ಶತಮಾನಗಳನ್ನು ಕಳೆದು ಈಗಲೂ ನಿಂತಿದೆ.

ಇದರಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಕಲ್ಲಿನ ಕಟ್ಟಡ ಕಟ್ಟಿದವರನ್ನು ಮರೆತು ನಿಲ್ಲಬಲ್ಲದು. ಊರು ಹಾಳಾದರೂ, ವಂಶ ಅಳಿದರೂ ಅದು ಕಾಡಿನ ನಡುವೆ ನಿಂತಿರುತ್ತದೆ. ಮಣ್ಣಿನ ಕಟ್ಟಡಕ್ಕೆ ಆ ಶಕ್ತಿಯಿಲ್ಲ. ಬಿಲ್ಲೆಯೊಂದು ಜಾರಿದರೆ ಯಾರಾದರೂ ಏರಿ ಕೂರಿಸಬೇಕು. ಗೋಡೆ ಬಿರಿದರೆ ಯಾರಾದರೂ ಮಣ್ಣು ಕಲಸಬೇಕು. ಸುಣ್ಣ ಮಾಸಿದರೆ ಯಾರಾದರೂ ಬಳಿಯಬೇಕು. ಕೆಲವು ವರ್ಷ ಕೈಬಿಟ್ಟರೆ ಮಳೆ ಒಳಕ್ಕೆ ಬರುತ್ತದೆ. ಮೊದಲು ಹಾಳಾಗುವುದು ಛಾವಣಿಯ ಹೂವು. ಆದುದರಿಂದ ಮಣ್ಣಿನ ದೇವಾಲಯವೊಂದು ಎರಡೂವರೆ ಶತಮಾನ ನಿಂತಿತೆಂದರೆ, ಹತ್ತು ತಲೆಮಾರಿನ ಜನ ಒಬ್ಬರಾದ ಮೇಲೊಬ್ಬರು ಅದಕ್ಕೆ ಕೈಹಚ್ಚಿದರು ಎಂದೇ ಅರ್ಥ. ಅವರ ಹೆಸರುಗಳು ಎಲ್ಲಿಯೂ ಬರೆದಿಲ್ಲ. ಬರೆದಿರುವುದು ಗೋಡೆಯೇ.

ಅಪಾಯ ಈಗ ಅರಸರಿಂದಲ್ಲ, ಶಾಸನದಿಂದಲ್ಲ. ಹಳ್ಳಿಯಲ್ಲಿರುವವರು ಕೆಲವು ನೂರು ಜನ. ತರುಣರು ಜೀವನೋಪಾಯಕ್ಕಾಗಿ ಪಟ್ಟಣಗಳಿಗೆ ಹೋಗುವುದು ಅಲ್ಲಿಯೂ ಇದೆ. ದೂರದಿಂದ ನೋಡಬಂದವರು ತಲೆಯೆತ್ತಿ ಛಾವಣಿಯನ್ನು ಹೊಗಳಿ ಹೋಗುತ್ತಾರೆ. ಹೊಗಳಿಕೆಯಿಂದ ಗೋಡೆಯ ಬಿರುಕು ಮುಚ್ಚುವುದಿಲ್ಲ. ಮಣ್ಣು ಕಲಸುವ ಕೈ ಊರಿನಲ್ಲಿ ಉಳಿಯುವವರೆಗೆ ದೇವಾಲಯ ಉಳಿಯುತ್ತದೆ. ಸರ್ಕಾರದ ರಕ್ಷಣೆಯೂ ವಿದ್ವಾಂಸರ ಆದರವೂ ಆ ಕೈಗೆ ಸಹಾಯವಾಗಬಹುದು, ಬದಲಾಗಲಾರವು.

ಸುಧಾರಿತ ಪಂಥದ ಆಚಾರ್ಯರು ದೇವಾಲಯವೆಂದರೆ 'ಗೋಡೆಯಲ್ಲ, ಕೂಡಿದ ಜನ' ಎಂಬ ತತ್ತ್ವವನ್ನು ಬೋಧಿಸಿದರು. ತಾಕೋಶಿನಲ್ಲಿ ಗೋಡೆಯೂ ಅದೇ ಮಾತನ್ನು ಹೇಳುತ್ತಿದೆ. ಪ್ಯಾರಿಸ್ಸಿನ ನೋತ್ರ್ ದಾಮನ್ನು ಕಟ್ಟಿದ್ದು ಒಂದು ರಾಜಧಾನಿಯ ಐಶ್ವರ್ಯ. ಈ ಬರಿಗಾಲಿನದನ್ನು ಕಟ್ಟಿ ಕಾಪಾಡಿದ್ದು ಒಂದು ಹಳ್ಳಿಯ ದುಡಿಮೆ. ಆ ದೊಡ್ಡ ಹೆಸರು ಈ ಸಣ್ಣ ಮನೆಗೆ ಸಲ್ಲುತ್ತದೆಯೆ ಎಂಬುದನ್ನು ಕೇಳುಗರ ತೀರ್ಮಾನಕ್ಕೆ ಬಿಡುತ್ತೇನೆ.